ಎಡದ ಡಬ್ಬಿ, ಬಲದ ಡಬ್ಬಿ

ಗೇರ್ ಬಾಕ್ಸಿಗೆ ಹಾಕುವ ಆಯಿಲು ಗ್ಯಾಲನಿಗೆ ಎಂಟು ರೂಪಾಯಿ ಹತ್ತಾಣೆ. ಹಿಂದಿನ ಆಕ್ಸಲಿಗೆ ಹಾಕುವ, ಗಂಧಕ ಬೆರೆತ ಆಯಿಲು ಹನ್ನೊಂದು. ಗೇರ್ ಬಾಕ್ಸಿನೊಳಗಿನ ಎರಡು ಹಿತ್ತಾಳೆ ಬಳೆಗಳನ್ನು ಬೊಂಬಾಯಿಯಿಂದ ತರಿಸಿದರೆ ನೂರ ಎಪ್ಪತ್ತು, ಪಾರ್ಸೆಲಿನ ಖರ್ಚು ಬೇರೆ. ಬಸ್ಸು ಒಂದು ದಿನ ಓಡದೆ ನಿಂತರೆ ಎಂಬತ್ತು ರೂಪಾಯಿಯ ಕಲೆಕ್ಷನ್ ಹೋಯಿತು. ಡ್ರೈವರನನ್ನು ಬದಲಾಯಿಸುವುದಕ್ಕೆ ಮಾತ್ರ ಖರ್ಚೇ ಇಲ್ಲ, ಬಿ.ಸಿ.ರೋಡಿನ ಕಟ್ಟೆಯಲ್ಲಿ ಲೈಸನ್ಸನ್ನು ಕಿಸೆಯಲ್ಲಿಟ್ಟುಕೊಂಡು ಬೀಡಿ ಸೇದುತ್ತ ಕೂತವರು ಯಾವ ಹೊತ್ತಿಗೂ ನಾಲ್ಕು ಜನ ಸಿಗುತ್ತಾರೆ. ಸೋಮವಾರ ಬೆಳಿಗ್ಗೆ ಮನೆಯಿಂದ ಶೆಡ್ಡಿಗೆ ನಡೆಯುತ್ತ ಗುರುವಪ್ಪ ಈ ಲೆಕ್ಕವನ್ನು ಮೂರು ಸಲ ಹಾಕಿದ. ಮೂರು ಸಲವೂ ಉತ್ತರ ಒಂದೇ ಬಂತು. ಅವನು ಶ್ರೀ ವನದುರ್ಗಾ ಮೋಟಾರ್ ಸರ್ವಿಸಿನ ಫಿಟ್ಟರ್. ಕಂಪೆನಿಗೆ ಇದ್ದದ್ದು ಮೂರು ಬಸ್ಸು. ಅವುಗಳಲ್ಲಿ ಎರಡನೆಯದು, ಬಿ.ಸಿ.ರೋಡಿನಿಂದ ವಾಮದಪದವಿನ ಮೂಲಕ ನಾರಾವಿಗೆ ಹೋಗಿ ಬರುವುದು, ಶನಿವಾರದಿಂದ ಹೊಟ್ಟೆ ಬಗೆಸಿಕೊಂಡು ಶೆಡ್ಡಿನಲ್ಲಿ ನಿಂತಿತ್ತು. ಹತ್ತು ಗಂಟೆಗೆ ಕಂಪೆನಿಯ ಮಾಲಿಕರು, ಧನಿ ಶೀನಪ್ಪ ಶೆಟ್ಟರು ಬಂದು, ಇದು ಯಾರಿಂದ ಹಾಳಾಯಿತು ಎಂದು ಗುರುವಪ್ಪನನ್ನು ಕೇಳುವವರಿದ್ದರು. ಅವನು ಡ್ರೈವರನಿಂದ ಎಂದರೆ ಅಬೂಬಕ್ಕರನ ಕೆಲಸ ಇವತ್ತೇ ಹೋಗುತ್ತಿತ್ತು. ಹಾಗೆಯೇ ಅನ್ನುತ್ತಾನೆ ಎಂದು ಧನಿಗಳಿಗೆ ಗೊತ್ತಿತ್ತು, ಅಬೂಬಕ್ಕರನಿಗೆ ಗೊತ್ತಿತ್ತು, ಕಟ್ಟೆಯೆದುರಿನ ಹೋಟೆಲಿನಲ್ಲಿ ಚಾ ಸೋಸುವವನಿಗೂ ಗೊತ್ತಿತ್ತು. ಹಾಳು ಮಾಡಿದ್ದು ತಾನು ಎಂಬುದು ಗುರುವಪ್ಪ ಒಬ್ಬನಿಗೆ ಗೊತ್ತಿತ್ತು.

ಗುರುವಪ್ಪನ ಓದು ಎರಡನೆಯ ಕ್ಲಾಸು. ಅವನ ವಿದ್ಯೆಯೆಲ್ಲ ಇದ್ದದ್ದು ಬಲಗೈಯ ಎರಡು ಬೆರಳುಗಳಲ್ಲಿ ಮತ್ತು ಮೂಗಿನಲ್ಲಿ. ಗೇರ್ ಬಾಕ್ಸಿನ ತಳದ ತಿರುಪು ಬಿಚ್ಚಿ, ಇಳಿಯುವ ಆಯಿಲನ್ನು ಅಂಗೈಗೆ ಬಿಟ್ಟುಕೊಂಡು ಬಿಸಿಲಿಗೆ ಹಿಡಿಯುತ್ತಿದ್ದ. ಜೇನಿನ ಬಣ್ಣವಿದ್ದರೆ ಇನ್ನೂ ಎರಡು ತಿಂಗಳು ಓಡಲಿ. ಹಾಲು ಹಾಕಿದ ಚಾದ ಹಾಗೆ ಕದಡಿದ್ದರೆ ಮಳೆಗಾಲದ ನೀರು ಒಳಗೆ ಸೇರಿದೆ. ಬೆರಳ ನಡುವೆ ಉಜ್ಜಿದಾಗ ಮರಳಿನ ಹಾಗೆ ಗರಗರ ಅಂದರೆ ಹಲ್ಲುಗಳು ಸವೆದು ಉಕ್ಕಿನ ಪುಡಿ ಬಿದ್ದಿದೆ. ಕೊನೆಗೆ ಅಂಗೈಯನ್ನು ಮೂಗಿಗೆ ತಂದು, ಕಣ್ಣು ಮುಚ್ಚಿ, ಒಂದು ಉಸಿರು ಎಳೆದು, ಸುಟ್ಟ ಬೆಲ್ಲದ ವಾಸನೆ ಬಂದರೆ, ಇದು ಕಾದು ಕಾದು ಸತ್ತದ್ದು, ಚೆಲ್ಲಿ ಎನ್ನುತ್ತಿದ್ದ. ಆ ಕಣ್ಣು ಮುಚ್ಚುವುದು ಕೆಲಸಕ್ಕೆ ಬೇಕಾದದ್ದಲ್ಲ, ನೋಡುವವರಿಗೆ ಬೇಕಾದದ್ದು ಎಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಮೂಡಬಿದ್ರೆಯ ಒಂದು ಮದುವೆಯಲ್ಲಿ ಬೇರೆ ಬಸ್ಸು ಮಾಲಿಕರ ಎದುರು ಧನಿಗಳು, ನಿಮ್ಮಲ್ಲಿ ಹೊಸ ಬಸ್ಸು ಇರಬಹುದು, ನನ್ನಲ್ಲಿ ಗುರುವಪ್ಪನ ಮೂಗು ಉಂಟು ಎಂದಿದ್ದರಂತೆ. ಆ ಮಾತು ಊರೆಲ್ಲ ತಿರುಗಿ, ವನದುರ್ಗಾ ಬಸ್ಸು ದಾರಿಯಲ್ಲಿ ನಿಲ್ಲುವುದಿಲ್ಲ ಎಂಬ ಹೆಸರಾಗಿ ವಾಪಸು ಬಂತು. ಹೆಸರಿನ ಕಲೆಕ್ಷನ್ ಧನಿಗಳಿಗೆ ಹೋಯಿತು. ಮೂಗಿಗೆ ಬೇರೆ ಸಂಬಳ ಇರಲಿಲ್ಲ.

ಆ ಮೂಗು ಹೋದ ವರ್ಷ ಜೂನಿನಲ್ಲಿ, ದೇಶಕ್ಕೆಲ್ಲ ಹಬ್ಬಿದ ಫ್ಲೂ ಜ್ವರದಲ್ಲಿ, ಹೋಯಿತು. ಹೋಯಿತು ಎಂದರೆ ಮುಖದ ಮೇಲೆ ಇದ್ದಲ್ಲಿಯೇ ಇತ್ತು, ಕೆಲಸ ಬಿಟ್ಟಿತ್ತು. ಜ್ವರ ಇಳಿದ ಮೇಲೆ ಬಾಯಿ ರುಚಿ ಸರಿಯಾಗುತ್ತದೆ ಎಂದು ಎಲ್ಲರೂ ಹೇಳಿದರು, ಅವನೂ ಕಾದ. ಒಂದು ದಿನ ಒಲೆಯ ಪಕ್ಕದಲ್ಲಿಯೇ ಕೂತು ಬೀಡಿ ಕಟ್ಟು ಬಿಚ್ಚುತ್ತಿರುವಾಗ ಹಾಲು ಉಕ್ಕಿ, ಸುಟ್ಟು, ಪಾತ್ರೆ ಕರಿಯಾಯಿತು. ಬಾವಿಕಟ್ಟೆಯಿಂದ ಓಡಿಬಂದ ಹೆಂಡತಿ ಅಮ್ಮಣ್ಣಿ ಪಾತ್ರೆಯನ್ನು ನೋಡಲಿಲ್ಲ, ಅವನ ಮುಖವನ್ನು ನೋಡಿದಳು. ಅವನು ಯಾವುದೋ ಯೋಚನೆಯಲ್ಲಿದ್ದೆ ಎಂದ. ಅವಳು ಒಪ್ಪಿದ ಹಾಗೆ ಮಾಡಿದಳು. ಅಂಥ ಒಪ್ಪಿಗೆಯ ಮೇಲೆಯೇ ಅವನ ತಿಂಗಳುಗಳು ನಡೆದವು. ಕಣ್ಣು ಮತ್ತು ಬೆರಳು ಮುಕ್ಕಾಲು ಪಾಲು ಕೆಲಸ ಮಾಡುತ್ತಿದ್ದವು. ಉಳಿದ ಕಾಲು ಪಾಲನ್ನು ಅಭ್ಯಾಸ ಮಾಡುತ್ತಿತ್ತು. ವಾಸನೆ ಬಾರದಿದ್ದರೂ ಮೂಸುವುದನ್ನು ಅವನು ನಿಲ್ಲಿಸಲಿಲ್ಲ, ಮೊದಲಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚುತ್ತಿದ್ದ. ನೋಡುವವರಿಗೆ ಅದು ಅನುಭವ ಮಾಗಿದ ಹಾಗೆ ಕಾಣುತ್ತಿತ್ತು. ನಲವತ್ತೊಂಬತ್ತು ವರ್ಷದ ಫಿಟ್ಟರನಿಗೆ ಮೂಗಿಲ್ಲ ಎಂದು ಹೇಳಿದರೆ ಆಮೇಲೆ ಏನು ಉಳಿಯುತ್ತದೆ? ಎರಡು ಬೆರಳು. ಎರಡು ಬೆರಳು ಎಲ್ಲರಿಗೂ ಇರುತ್ತವೆ.

ಆಯಿಲು ಮಂಗಳೂರಿನಿಂದ ಪೀಪಾಯಿಯಲ್ಲಿ ಬರುತ್ತಿತ್ತು. ಧನಿಗಳು ಅದನ್ನು ಹಳೆಯ ತೆಂಗಿನೆಣ್ಣೆ ಡಬ್ಬಿಗಳಿಗೆ ಹೊಯ್ಯಿಸಿ ಪೀಪಾಯಿಯನ್ನು ಮಾರುತ್ತಿದ್ದರು. ಶೆಡ್ಡಿನ ಮೂಲೆಯಲ್ಲಿ ಎಡದ ಡಬ್ಬಿ ಗೇರ್ ಬಾಕ್ಸಿನದ್ದು, ಬಲದ ಡಬ್ಬಿ ಆಕ್ಸಲಿನದ್ದು. ನೋಡಲು ಎರಡೂ ಒಂದೇ ಡಬ್ಬಿ, ಒಂದೇ ಕಂದು ಬಣ್ಣದ ಆಯಿಲು. ಆಕ್ಸಲಿನದ್ದರಲ್ಲಿ ಗಂಧಕವಿದ್ದುದರಿಂದ ಅದು ಉಕ್ಕಿಗೆ ಬಲ, ಹಿತ್ತಾಳೆಗೆ ವಿಷ. ಮುಚ್ಚಳ ತೆಗೆದರೆ ಗಬ್ಬು ನಾತ. ಆದ್ದರಿಂದ ಗುರುತು ಹಾಕುವ ಪ್ರಶ್ನೆಯೇ ಬಂದಿರಲಿಲ್ಲ. ಅಕ್ಟೋಬರಿನಲ್ಲಿ ಆಯುಧ ಪೂಜೆಗೆ ಶೆಡ್ಡನ್ನು ತೊಳೆದರು. ಮೂರು ಬಸ್ಸುಗಳಿಗೂ ಬಾಳೆಗಿಡ ಕಟ್ಟಿದರು, ಸ್ಪ್ಯಾನರುಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿ ಇಟ್ಟರು, ಜ್ಯಾಕಿಗೆ ಕುಂಕುಮ ಹಚ್ಚಿದರು. ಎರಡು ಡಬ್ಬಿಗಳನ್ನೂ ಒರೆಸಿ, ಗೊಂಡೆ ಹೂವಿನ ಮಾಲೆ ಹಾಕಿ, ದೇವರ ಪಟದ ಎದುರು ಕೂರಿಸಿದರು. ದೇವರ ಎದುರು ಎರಡೂ ಸಮಾನ. ಪೂಜೆ ಮುಗಿದು, ಅವಲಕ್ಕಿ ಹಂಚಿ, ಎಲ್ಲವನ್ನೂ ವಾಪಸು ಇಡುವಾಗ ಯಾರೋ ಎಡದ್ದನ್ನು ಬಲಕ್ಕೆ ಇಟ್ಟರು. ಆ ಯಾರೋ ಯಾರು ಎಂದು ಗುರುವಪ್ಪ ಎರಡು ದಿನದಿಂದ ಯೋಚಿಸುತ್ತಿದ್ದ. ತಾನೇ ಇರಬಹುದು ಎಂಬಲ್ಲಿಗೆ ಬಂದಾಗ ಯೋಚನೆಗೆ ಬೇರೆ ಕೆಲಸ ನೆನಪಾಗುತ್ತಿತ್ತು.

ಪೂಜೆಯಾಗಿ ಎಂಟನೆಯ ದಿನ ಎರಡನೆಯ ಬಸ್ಸಿಗೆ ಹೊಸ ಆಯಿಲು ಹಾಕಿದ್ದು. ಈಗ ರಸ್ತೆಯ ಆ ಬದಿಯಲ್ಲಿ ಯಾರೋ ಕಬ್ಬಿಣದ ಬಾಗಿಲು ಎಳೆದ ಸದ್ದಾಯಿತು, ಇದನ್ನೇ ಯೋಚಿಸುತ್ತ ನಡೆಯುತ್ತಿದ್ದ ಗುರುವಪ್ಪ ಬೆಚ್ಚಿ ನಿಂತ. ಅಂಗಡಿ ತೆರೆಯುವ ಹೊತ್ತು, ಇನ್ನೂ ಒಂಬತ್ತೂ ಆಗಿರಲಿಲ್ಲ. ಆಯಿಲು ಹಾಕಿದ ಆ ದಿನ ಅಬೂಬಕ್ಕರ್ ಮಡ್‌ಗಾರ್ಡಿಗೆ ಒರಗಿ ನಿಂತಿದ್ದ. ಎಂಟು ವರ್ಷದಿಂದ ಆ ಬಸ್ಸು ಅವನದ್ದು, ಅದಕ್ಕೆ ಏನು ಹಾಕಿದರೂ ನಿಂತು ನೋಡುವುದು ಅವನ ಕ್ರಮ. ಡಬ್ಬಿಯಿಂದ ಆಯಿಲು ಬೀಳುತ್ತಿರುವಾಗ ಅವನು ಮೂಗು ಸೊಟ್ಟ ಮಾಡಿ, "ಗುರುವಪ್ಪಣ್ಣ, ಇದರದ್ದು ವಾಸನೆ ಬೇರೆ ಉಂಟಲ್ಲ? ಮೊಟ್ಟೆ ಕೊಳೆತ ಹಾಗೆ" ಎಂದ. ಗುರುವಪ್ಪನ ಕೈ ನಿಂತಿತು. ಡಬ್ಬಿಯನ್ನು ಕೆಳಗಿಟ್ಟು, ಇನ್ನೊಮ್ಮೆ ಮೂಸು ಮಾರಾಯ, ನನಗೆ ಗೊತ್ತಾಗುವುದಿಲ್ಲ ಎನ್ನಲು ಬೇಕಾದಷ್ಟು ಹೊತ್ತು ನಿಂತಿತ್ತು. ಸುತ್ತ ಇಬ್ಬರು ಕಂಡಕ್ಟರುಗಳಿದ್ದರು, ಮೊದಲನೆಯ ಬಸ್ಸಿನ ಡ್ರೈವರನಿದ್ದ. "ನಿನ್ನೆ ಎಂತ ತಿಂದದ್ದು ಬ್ಯಾರಿ? ಮೊದಲು ಬಾಯಿ ತೊಳೆದು ಬಾ. ಆಯಿಲಿನ ವಾಸನೆ ನನಗೆ ಕಲಿಸಬೇಡ" ಎಂದು ಗುರುವಪ್ಪ ಡಬ್ಬಿಯನ್ನು ಮತ್ತೆ ಎತ್ತಿ ಹಿಡಿದ. ಎಲ್ಲರೂ ನಕ್ಕರು. ಅಬೂಬಕ್ಕರನೂ ನಕ್ಕ. ಆಮೇಲೆ ಯಾರೂ ನೋಡುತ್ತಿಲ್ಲ ಎಂದುಕೊಂಡು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ತನ್ನ ಉಸಿರನ್ನು ತಾನೇ ಮೂಸಿ ನೋಡಿದ. ಗುರುವಪ್ಪ ನೋಡಿದ್ದ.

ಜನವರಿಯಲ್ಲಿ ವಾಮದಪದವಿನ ಏರಿನಲ್ಲಿ ಎರಡನೆಯ ಗೇರ್ ಬೀಳುವಾಗ ಕರಕರ ಎನ್ನತೊಡಗಿತು. ಒಂದು ಸಲ ಬೀಳಲೇ ಇಲ್ಲ. ಬಸ್ಸು ಹಿಂದಕ್ಕೆ ಜಾರಿ, ಹೆಂಗಸರು ಕೂಗಿ, ಕೋಳಿಬುಟ್ಟಿ ಉರುಳಿತು. ನಾರಾವಿಯ ಜನ ಅಬೂಬಕ್ಕರನಿಗೆ ತಮಾಷೆ ಮಾಡಿದರು, ಬ್ಯಾರಿ ಗೇರಿನಲ್ಲಿ ಕಾಫಿಬೀಜ ಅರೆಯುತ್ತಾನೆ ಎಂದರು. ಅವನು ಮೊದಲು ಮರುಮಾತು ಹೇಳಿದ, ಆಮೇಲೆ ಹೇಳಲಿಲ್ಲ. ಕ್ಲಚ್ಚಿನ ಅಳತೆ ಸರಿಯಾಗಿ ಸಿಗಲೆಂದು ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಓಡಿಸಿದ. ಒಂದು ಮಧ್ಯಾಹ್ನ ಟ್ರಿಪ್ಪುಗಳ ನಡುವೆ ಗುರುವಪ್ಪನ ಹತ್ತಿರ ಬಂದು, ಹದಿನಾರು ವರ್ಷದಿಂದ ಸ್ಟೀರಿಂಗ್ ಹಿಡಿದವನು, ಗೇರ್ ಹಾಕುವುದು ಹೇಗೆಂದು ಒಮ್ಮೆ ತೋರಿಸಿಕೊಡಿ ಎಂದು ಕೇಳಿದ. ಗುರುವಪ್ಪ ತೋರಿಸಿಕೊಟ್ಟ. ದೊಡ್ಡ ಮನಸ್ಸು ಮಾಡಿ, ಎರಡು ಸಲ ತೋರಿಸಿಕೊಟ್ಟ. ಆಗ ನನಗೆ ಗೊತ್ತಿರಲಿಲ್ಲ, ನಿಜವಾಗಿ ಗೊತ್ತಿರಲಿಲ್ಲ ಎಂದು ಅವನು ಈಗ ರಸ್ತೆಯಲ್ಲಿ ತುಟಿ ಅಲ್ಲಾಡಿಸಿದ್ದನ್ನು ಎದುರಿನಿಂದ ಬಂದ ಮೀನು ಮಾರುವ ಹೆಂಗಸು ನೋಡಿ, ಏನೋ ಕೇಳಿದರು ಅಂದುಕೊಂಡು ಬುಟ್ಟಿ ಇಳಿಸಿದಳು. ನೋಡದೆ ಬೇಡ ಎನ್ನಲಾಗದೆ ಅವನು ನಾಲ್ಕು ಮೀನನ್ನು ಎತ್ತಿ, ಕಿವಿರು ಬಿಡಿಸಿ, ಅಭ್ಯಾಸದಿಂದ ಮೂಗಿಗೆ ಹಿಡಿದು, ಬೇಡ ಎಂದ. ಇವತ್ತು ಬೆಳಿಗ್ಗೆ ಬಲೆಯಿಂದ ಇಳಿದದ್ದು, ಇವರದ್ದು ಎಂಥ ಮೂಗು ಎಂದು ಅವಳು ಬೈಯುತ್ತ ಹೋದಳು. ಇಡೀ ತಾಲೂಕಿನಲ್ಲಿ ಸರಿಯಾದದ್ದನ್ನು ಹೇಳಿದವಳು ಅವಳೊಬ್ಬಳು.

ಮೊನ್ನೆ ಶನಿವಾರ ಶೆಡ್ಡಿನಲ್ಲಿ ಗೇರ್ ಬಾಕ್ಸಿನ ತಿರುಪು ಬಿಚ್ಚಿದಾಗ ಬೋಗುಣಿಗೆ ಇಳಿದ ಆಯಿಲು ಬಿಸಿಲಿನಲ್ಲಿ ಚಿನ್ನದ ನೀರಿನ ಹಾಗೆ ಮಿನುಗಿತು. ನೋಡಿ, ಹಲ್ಲು ತಿಂದು ತಿಂದು ಹಾಕಿದ್ದಾನೆ ಎಂದು ಕಂಡಕ್ಟರ್ ಹೇಳಿದ. ಗುರುವಪ್ಪ ಅಯಸ್ಕಾಂತದ ತುಂಡನ್ನು ಬೋಗುಣಿಯಲ್ಲಿ ಒಮ್ಮೆ ಆಡಿಸಿ ತೆಗೆದ. ಡ್ರೈವರನ ಕಾಲು ತಪ್ಪಿ ಹಲ್ಲು ಮುರಿದಿದ್ದರೆ ಉಕ್ಕಿನ ಚೂರು ಅದಕ್ಕೆ ಇರುವೆಯ ಹಾಗೆ ಮುತ್ತಬೇಕಿತ್ತು. ಅದು ಬರಿದಾಗಿ ಬಂತು. ಮಿನುಗಿದ್ದು ಹಿತ್ತಾಳೆ. ಮುಚ್ಚಳ ತೆಗೆದು ನೋಡಿದರೆ ಉಕ್ಕಿನ ಹಲ್ಲುಗಳೆಲ್ಲ ನೆಟ್ಟಗಿದ್ದವು, ಗೇರ್ ಮೆತ್ತಗೆ ಬೀಳುವ ಹಾಗೆ ಮಾಡುವ ಎರಡು ಹಿತ್ತಾಳೆ ಬಳೆಗಳು ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪಾಗಿ, ಅಂಚು ಕರಗಿ, ಸವೆದುಹೋಗಿದ್ದವು. ಯಾವ ಕಾಲೂ ಹಿತ್ತಾಳೆಯನ್ನು ಕಪ್ಪು ಮಾಡುವುದಿಲ್ಲ. ಅವನು ಅಯಸ್ಕಾಂತವನ್ನು ಕಿಸೆಗೆ ಹಾಕಿಕೊಂಡು, ಸೋಮವಾರ ಹೇಳುತ್ತೇನೆ ಎಂದ. ಭಾನುವಾರ ಮಧ್ಯಾಹ್ನ ಎರಡು ಡಬ್ಬಿಗಳಿಂದಲೂ ಸ್ವಲ್ಪ ಸ್ವಲ್ಪ ಆಯಿಲನ್ನು ಮನೆಗೆ ತಂದು, ಅಮ್ಮಣ್ಣಿಯ ಎರಡು ಕಬ್ಬಿಣದ ಸೌಟುಗಳಲ್ಲಿ ಹೊಯ್ದು, ಒಂದೊಂದರಲ್ಲಿ ಒಂದೊಂದು ಹೊಸ ಪೈಸೆಯ ತಾಮ್ರದ ಬಿಲ್ಲೆ ಹಾಕಿ ಒಲೆಯ ಕೆಂಡದ ಮೇಲೆ ಇಟ್ಟ. ಬಲದ ಡಬ್ಬಿಯ ಬಿಲ್ಲೆ ಕೆಂಪಾಗಿಯೇ ಉಳಿಯಿತು. ಎಡದ ಡಬ್ಬಿಯದ್ದು ಗಂಟೆಯೊಳಗೆ ಕರಿಯಾಯಿತು. ಅಮ್ಮಣ್ಣಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತು, "ಈ ನಾತಕ್ಕೆ ಬೀದಿಯ ನಾಯಿ ಸಹ ಎದ್ದು ಹೋಯಿತು, ನೀವು ಹೂವಿನ ಹತ್ತಿರ ಕೂತ ಹಾಗೆ ಕೂತಿದ್ದೀರಿ" ಎಂದಳು. ಅವನು ಕಪ್ಪಾದ ಬಿಲ್ಲೆಯನ್ನು ಇಕ್ಕಳದಲ್ಲಿ ಎತ್ತಿ ತೆಗೆದಿಟ್ಟ. "ನನಗೆ ಜೂನಿನಿಂದಲೇ ಗೊತ್ತುಂಟು. ಹಾಳಾದ ಬಂಗುಡೆ ಮೀನಿನ ಸಾರನ್ನು ಎರಡು ಸಲ ಹೊಗಳಿದಿರಿ. ಹೇಳಿದರೆ ಬೇಜಾರು ಮಾಡ್ತೀರಿ ಅಂತ ನಾನೂ ತಿಂದೆ." ಇಷ್ಟು ಹೇಳಿ ಅವಳು ಸೌಟುಗಳನ್ನು ಬೂದಿ ಹಾಕಿ ತಿಕ್ಕಲು ಒಯ್ದಳು. ಏನು ಮಾಡಬೇಕು ಎಂದು ಅವನು ಕೇಳಲಿಲ್ಲ, ಕೇಳಿದರೆ ಅವಳು ಹೇಳಿಬಿಡುತ್ತಿದ್ದಳು.

ಹತ್ತು ಗಂಟೆಗೆ ಧನಿಗಳು ಬಂದರು. ಬಿಳಿ ಪಂಚೆಯ ಅಂಚು ಎತ್ತಿ ಹಿಡಿದು, ಆಯಿಲಿನ ಮಡುಗಳನ್ನು ದಾಟಿ, ತಮಗಾಗಿ ಹಾಕಿದ ಬೆಂಚಿನಲ್ಲಿ ಕೂತರು. ಮೂರು ಬಸ್ಸುಗಳ ವ್ಯವಹಾರವನ್ನೂ ಅವರು ಊರಿನ ನ್ಯಾಯ ತೀರ್ಮಾನವಾಗುತ್ತಿದ್ದ ತಮ್ಮ ಗುತ್ತಿನ ಮನೆಯ ಚಾವಡಿಯ ಕ್ರಮದಲ್ಲಿಯೇ ನಡೆಸುತ್ತಿದ್ದರು. ದೊಡ್ಡ ಕೆಲಸಕ್ಕೆ ಮೊದಲು ಐದು ವೀಳ್ಯದೆಲೆಯ ಮೇಲೆ ಒಂದು ಅಡಿಕೆಯಿಟ್ಟು ಬೂಳ್ಯ ಕೊಡುವುದು. ಬೂಳ್ಯ ಹಿಡಿದವನು ಒಪ್ಪಿದ ಕೆಲಸ ಮಾಡಬೇಕು, ಕೇಳಿದ್ದಕ್ಕೆ ಇದ್ದದ್ದನ್ನು ಹೇಳಬೇಕು. ಗೇರ್ ಬಾಕ್ಸಿಗೂ ಬೂಳ್ಯ ಕೊಡುವ ಬಸ್ಸು ಮಾಲಿಕರು ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಾರರು. ಅಬೂಬಕ್ಕರ್ ಒಗೆದ ಅಂಗಿ ಹಾಕಿಕೊಂಡು ಬಂದು ಕಂಬದ ಹತ್ತಿರ ನಿಂತಿದ್ದ. ಮನೆಯಲ್ಲಿ ಹೆಂಡತಿ ಬೀಯಮ್ಮ ಇಸ್ತ್ರಿ ಮಾಡಿಸಿ ಕಳಿಸಿರಬೇಕು, ಕೆಲಸ ಕಳೆದುಕೊಳ್ಳುವುದಾದರೂ ಮರ್ಯಾದೆಯಲ್ಲಿ ಕಳೆದುಕೊಳ್ಳಲಿ ಎಂದು. ಧನಿಗಳು ಎಲೆಯಡಿಕೆ ನೀಡಿದರು. ಗುರುವಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡ. ಈಗ ಹೇಳಬೇಕು. ಹೇಳುವುದಕ್ಕೆ ಬಾಗಿದವನು ಬೋಗುಣಿಗೆ ಬೆರಳು ಅದ್ದಿ, ಉಜ್ಜಿ, ಮೂಗಿಗೆ ತಂದು, ಕಣ್ಣು ಮುಚ್ಚಿದ. ಮುಚ್ಚಿದ ಮೇಲೆ ತಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತಾಗಿ, ತೆರೆಯಲು ನಾಚಿಕೆಯಾಗಿ, ಹಾಗೆಯೇ ಇದ್ದ. ಇಷ್ಟು ಹೊತ್ತು ಅವನು ಯಾವತ್ತೂ ಮೂಸಿದ್ದಿಲ್ಲ.

"ಅಬೂಬಕ್ಕರನದ್ದು ತಪ್ಪಿಲ್ಲ ಧನಿ" ಎಂದ, ಕಣ್ಣು ಮುಚ್ಚಿಯೇ. "ಆಕ್ಸಲಿನ ಆಯಿಲನ್ನು ಇದಕ್ಕೆ ಹಾಕಿದ್ದೇನೆ. ಪೂಜೆಯ ದಿನ ಡಬ್ಬಿ ಆಚೀಚೆ ಆಗಿದೆ. ಅದರ ಗಂಧಕ ಹಿತ್ತಾಳೆಯನ್ನು ತಿಂದದ್ದು."

"ಹಾಕುವಾಗ ನಿನಗೆ ವಾಸನೆ ಗೊತ್ತಾಗಲಿಲ್ವಾ?"

"ಜೂನಿನ ಜ್ವರದ ನಂತರ ನನಗೆ ವಾಸನೆಯೇ ಬರುದಿಲ್ಲ."

ಕಣ್ಣು ತೆರೆದಾಗ ಎಲ್ಲರೂ ಅವನನ್ನಲ್ಲ, ಧನಿಗಳನ್ನು ನೋಡುತ್ತಿದ್ದರು. ಗುರುವಪ್ಪ ಕಿಸೆಯಿಂದ ಕಪ್ಪಾದ ಬಿಲ್ಲೆಯನ್ನು ತೆಗೆದುಕೊಟ್ಟು ಭಾನುವಾರದ ಪರೀಕ್ಷೆಯನ್ನು ವಿವರಿಸಿದ. ಧನಿಗಳು ಅದನ್ನು ತಿರುಗಿಸಿ ನೋಡಿದರು, ಉಗುರಿನಿಂದ ಗೀರಿ ನೋಡಿದರು, ಆಮೇಲೆ ತಮ್ಮ ಕಿಸೆಗೆ ಹಾಕಿಕೊಂಡು ಗಟ್ಟಿಯಾಗಿ ನಕ್ಕರು. ಎಲ್ಲರ ಕಡೆ ತಿರುಗಿ, ನೋಡಿ, ಜೊತೆಯವನ ಹೊಟ್ಟೆಯ ಮೇಲೆ ಹೊಡೆಯಬಾರದು ಅಂತ ತನ್ನ ಮೂಗನ್ನೇ ಬಿಟ್ಟುಕೊಡುವ ಮನುಷ್ಯ, ಇಂಥವರು ಇನ್ನು ಹುಟ್ಟುವುದಿಲ್ಲ ಎಂದರು. ಮೊದಲನೆಯ ಬಸ್ಸಿನ ಡ್ರೈವರ್ ತಲೆಯಾಡಿಸಿದ. ಒಬ್ಬ ಕಂಡಕ್ಟರನ ಕಣ್ಣು ಒದ್ದೆಯಾಯಿತು. ಇಲ್ಲ ಧನಿ, ನಿಜವಾಗಿ ಎಂದು ಗುರುವಪ್ಪ ಎರಡು ಸಲ ಹೇಳಿದ. ಅವನು ಹೇಳಿದಷ್ಟೂ ಅವನ ದೊಡ್ಡತನ ಬೆಳೆಯಿತು. ಆಯಿಲು ಬದಲಾಗಿದ್ದರೆ ಗುರುವಪ್ಪನಿಗೆ ಗೊತ್ತಾಗದೆ ಇರುತ್ತದೆಯೇ ಎಂದು ಅವರು ಒಬ್ಬರನ್ನೊಬ್ಬರು ಕೇಳಿಕೊಂಡರು. ಕೊನೆಗೆ ಧನಿಗಳು ಕಂಬದ ಕಡೆ ನೋಡಿ, "ಇವ ಇಷ್ಟು ಹೇಳಿದ ಮೇಲೆ ನಾನು ಬಿಡ್ತೇನೆ ಅಬೂಬಕ್ಕರ್. ಇವನಿಗೊಂದು ಕೈ ಮುಗಿದು, ಇನ್ನು ಸರಿಯಾಗಿ ಗೇರ್ ಹಾಕ್ತೇನೆ ಅಂತ ಹೇಳು. ಬಸ್ಸು ಸರಿಯಾದ ಮೇಲೆ ಬಾ" ಎಂದರು.

ಅಬೂಬಕ್ಕರ್ ಕೈ ಮುಗಿಯಲಿಲ್ಲ. ಗುರುವಪ್ಪ ಹೇಳಿದ್ದನ್ನು ಅವನೊಬ್ಬ ನಂಬಿದ್ದ. ನಂಬಿದ್ದು ಅವನ ಮುಖದಲ್ಲಿ ಕಂಡಿತು, ಗುರುವಪ್ಪನಿಗೆ ನೋಡಲಾಗಲಿಲ್ಲ. "ಅವತ್ತು ನಾನು ಕೇಳಿದೆ" ಎಂದ ಅವನು, ಧ್ವನಿ ಎತ್ತದೆ. "ಮೊಟ್ಟೆ ಕೊಳೆತ ಹಾಗೆ ಉಂಟು ಅಂತ ಹೇಳಿದೆ. ನೀವು ಅಲ್ಲ ಅಂದಿರಿ, ನಾನು ನಂಬಿದೆ ಗುರುವಪ್ಪಣ್ಣ. ನಿಮ್ಮ ಮೂಗನ್ನು ನಂಬಿ ನನ್ನ ಕಾಲನ್ನು ಬೈದುಕೊಂಡೆ." ಆಮೇಲೆ ಧನಿಗಳಿಗೆ, "ಮಾಡದ ತಪ್ಪಿಗೆ ನನಗೆ ಮಾಫಿ ಬೇಡ ಧನಿ. ತಪ್ಪಿಲ್ಲ ಅಂತ ಹೇಳಿ, ನಾಳೆ ಬರ್ತೇನೆ" ಎಂದ. ಧನಿಗಳು ಬೆಂಚಿನ ಮೇಲೆ ಬಿದ್ದ ಸುಣ್ಣದ ಹುಡಿಯನ್ನು ಊದಿದರು. ಅಬೂಬಕ್ಕರ್ ಅವರು ಊದಿ ಮುಗಿಸುವಷ್ಟು ಹೊತ್ತು ನಿಂತ. ಆಮೇಲೆ ಬಸ್ಸಿನ ಬಾಗಿಲು ತೆರೆದು, ಸೀಟಿನಡಿಯಿಂದ ತನ್ನ ಚಪ್ಪಲಿ ತೆಗೆದು, ಮೆಟ್ಟಿಕೊಂಡು, ಬಿಸಿಲಿಗೆ ಹೋದ. ಹಿಂದೆ ಹೋಗಬೇಕು ಎಂದು ಗುರುವಪ್ಪನಿಗೆ ಅನಿಸಿತು. ಆದರೆ ಅಷ್ಟರಲ್ಲಿ ಧನಿಗಳು ಬಳೆಯ ಸೈಜು ಕೇಳಿದರು, ಅವನು ಅಳತೆ ತೆಗೆಯಲು ಬಾಗಿದ. ಅಳತೆ ತೆಗೆಯುವುದಕ್ಕೆ ಎರಡು ನಿಮಿಷ ಸಾಕಿತ್ತು. ಹತ್ತು ನಿಮಿಷ ತೆಗೆದ.

ಉಳಿದವರು ಚಾಕ್ಕೆ ಹೋದ ಮೇಲೆ ಧನಿಗಳು ಬೆಂಚಿನಿಂದ ಎದ್ದು ಎಡದ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಮುಖ ಕಿವುಚಿ, ಬಲದ್ದನ್ನೂ ಮೂಸಿದರು. ಎರಡನ್ನೂ ಪಂಚೆಗೆ ತಾಗದ ಹಾಗೆ ಜಾಗ್ರತೆಯಾಗಿ ಅದಲುಬದಲು ಮಾಡಿ ಇಟ್ಟರು.

"ನೀನು ಹೇಳಿದ್ದು ಸತ್ಯ ಅಂತ ಗೊತ್ತುಂಟು" ಎಂದರು, ಕೈ ಒರೆಸುತ್ತ. "ಒಂದು ಸಲ ಹೇಳಿದಿ, ಸಾಕು. ಡ್ರೈವರ್ ನಾಳೆ ಸಿಗ್ತಾನೆ. ನಿನ್ನ ಮೂಗಿಗೆ ಹೆಸರು ಮಾಡಲು ನನಗೆ ಹದಿನೆಂಟು ವರ್ಷ ಹಿಡಿದಿದೆ ಮಾರಾಯ."

ಗುರುವಪ್ಪ ಆಯಿತು ಎಂದ. ಬೇರೆ ಏನು ಹೇಳಬಹುದಿತ್ತು ಎಂದು ಅವನು ಆಮೇಲೆ ಬಹಳ ಸಲ ಯೋಚಿಸಿದ್ದುಂಟು. ಹೇಳಬಹುದಾದ ಮಾತುಗಳು ಬಹಳ ಇದ್ದವು, ಆದರೆ ಅವತ್ತು ಬಾಯಿಗೆ ಬಂದದ್ದು ಅದೊಂದೇ. ಸಂಜೆ ಬಂಟ್ವಾಳ ಪೇಟೆಯಲ್ಲಿ ಅವನ ದೊಡ್ಡ ಮನಸ್ಸಿನ ಸುದ್ದಿ ಅವನಿಗಿಂತ ಮೊದಲೇ ತಿರುಗಿ ಬಂದಿತ್ತು. ಹೋಟೆಲಿನವನು ಚಾದ ಹಣ ತೆಗೆದುಕೊಳ್ಳಲಿಲ್ಲ. ಅಬೂಬಕ್ಕರನ ಮನೆಯ ಓಣಿಯವರೆಗೆ ಅವನು ಎರಡು ಸಲ ಹೋದ. ಮೊದಲನೆಯ ಸಲ ಬಾಗಿಲು ಮುಚ್ಚಿತ್ತು. ಎರಡನೆಯ ಸಲ ತೆರೆದಿತ್ತು, ಆದ್ದರಿಂದ ವಾಪಸು ಬಂದ.

ಹನ್ನೊಂದನೆಯ ದಿನ ಬೊಂಬಾಯಿಯಿಂದ ಬಳೆ ಬಂತು. ಬಸ್ಸು ಹೊಸ ಡ್ರೈವರನೊಡನೆ ನಾರಾವಿಗೆ ಓಡಿತು, ಗೇರ್ ಬೆಣ್ಣೆಯ ಹಾಗೆ ಬೀಳುತ್ತಿತ್ತು, ಅದಕ್ಕೆ ಜನ ಹೊಸ ಡ್ರೈವರನನ್ನು ಹೊಗಳಿದರು. ಅಬೂಬಕ್ಕರ್ ಮಂಗಳೂರಿನಲ್ಲಿ ಹಂಚು ಸಾಗಿಸುವ ಲಾರಿಗೆ ಹತ್ತು ರೂಪಾಯಿ ಕಡಿಮೆ ಸಂಬಳಕ್ಕೆ ಸೇರಿದ. ಗುರುವಪ್ಪನಿಗೆ ಧನಿಗಳು ತಿಂಗಳಿಗೆ ಐದು ರೂಪಾಯಿ ಹೆಚ್ಚು ಮಾಡಿದರು, ಒಳ್ಳೆಯವನೆಂಬ ಹೆಸರೂ ಅವನಿಗೆ ಸಾಯುವವರೆಗೆ ಉಳಿಯಿತು. ಎಂಟು ವರ್ಷ ಜೊತೆಗಿದ್ದ ಅಬೂಬಕ್ಕರ್ ಮತ್ತೆ ಅವನೊಡನೆ ಮಾತಾಡಲಿಲ್ಲ.